ಡಿಎಲ್ ಸೇರಿ ಎಷ್ಟಾಗುತ್ತೆ?

ಏಪ್ರಿಲ್ ಬಂತೆಂದರೆ ಡ್ರೈವಿಂಗ್ ಸ್ಕೂಲುಗಳಿಗೆ ಸುಗ್ಗಿ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಿರುತ್ತದೆ, ಸಿಇಟಿಯೂ ಆಯಿತು ಅನ್ನುವ ಹೊತ್ತಿಗೆ ಆಗಷ್ಟೇ ಹದಿನೆಂಟು ತುಂಬಿದ ಮಕ್ಕಳನ್ನು ಕರೆದುಕೊಂಡು ಅಪ್ಪಂದಿರು ಬಂದು ನಿಲ್ಲುತ್ತಾರೆ. ಒಳಗೆ ಕಾಲಿಟ್ಟೊಡನೆ ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ. ಮೈಸೂರಿನಲ್ಲಿ “ಸಾರ್, ಡಿಎಲ್ ಸೇರಿ ಎಷ್ಟಾಗುತ್ತೆ?” ಹುಬ್ಬಳ್ಳಿಯಲ್ಲಿ “ಡಿಎಲ್ ಸೇರಿ ಎಷ್ಟ್ ಆಗ್ತೈತ್ರಿ?” ಸ್ಕೂಲಿನವನು ಒಂದು ಮೊತ್ತ ಹೇಳುತ್ತಾನೆ. ಸರ್ಕಲ್ಲಿನ ಆಚೆ ಇರುವವರು ಐನೂರು ಕಡಿಮೆ ಹೇಳಿದ್ದಾರೆ ಎಂದು ಅಪ್ಪ ಚೌಕಾಸಿ ಮಾಡುತ್ತಾನೆ. ಕೊನೆಗೆ ಕುದುರುತ್ತದೆ. ಆಧಾರ್ ಜೆರಾಕ್ಸ್, ನಾಲ್ಕು ಫೋಟೋ, ಮುಂಗಡ. ಇಷ್ಟರ ನಡುವೆ ಹುಡುಗನ ಕೈಗೆ ಸ್ಟೀರಿಂಗು ಒಟ್ಟು ಎಷ್ಟು ಗಂಟೆ ಸಿಗುತ್ತದೆ ಎಂದು ಅಪ್ಪ ಕೇಳುವುದಿಲ್ಲ, ಮಗ ಕೇಳುವುದಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಡುವಷ್ಟು ದಡ್ಡ ಸ್ಕೂಲಿನವನೂ ಅಲ್ಲ.

ಈ ಪ್ರಶ್ನೆಯ ಹಿಂದೆ ಇರುವ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಲೈಸೆನ್ಸು ಕೈಗೆ ಬಂದರೆ ಸಾಕು, ಓಡಿಸುವುದು ಆಮೇಲೆ ತಾನಾಗಿ ಬರುತ್ತದೆ. ಸ್ಕೂಲಿಗೆ ಕೊಡುವುದು ದಂಡದ ದುಡ್ಡು. ಅದನ್ನು ಎಷ್ಟು ಕಡಿಮೆಗೆ ಮುಗಿಸಿದರೆ ಅಷ್ಟು ಜಾಣತನ. ಗಾರೆ ಕೆಲಸದವರ ಮನೆಯಲ್ಲೂ ಇದೇ ಮಾತು, ಎರಡು ಕಾರು ನಿಂತಿರುವ ಮನೆಯಲ್ಲೂ ಇದೇ ಮಾತು. ನೀಟ್ ಕೋಚಿಂಗಿಗೆ ಲಕ್ಷ ಕಟ್ಟುವಾಗ ತುಟಿ ಬಿಚ್ಚದ ಅಪ್ಪ ಇಲ್ಲಿ ಐನೂರಕ್ಕೆ ಅರ್ಧ ಗಂಟೆ ವಾದ ಮಾಡುತ್ತಾನೆ. ಜೀವದ ಬೆಲೆ, ಸುರಕ್ಷತೆ ಎಂದೆಲ್ಲ ಆಮೇಲೆ ಮಾತಾಡೋಣ. ಮೊದಲು ಆ ಅಪ್ಪನ ಲೆಕ್ಕದಲ್ಲೇ ಈ ಜಾಣತನವನ್ನು ತೂಗಿ ನೋಡೋಣ.

ಕರ್ನಾಟಕ ಸರ್ಕಾರ 2024ರ ಜನವರಿ 1ರಿಂದ ಕಾರು ಕಲಿಕೆಯ ಶುಲ್ಕವನ್ನು 4,000ದಿಂದ 7,000 ರೂಪಾಯಿಗೆ ಏರಿಸಿತು. ಲೈಸೆನ್ಸಿನ ಶುಲ್ಕ ಬೇರೆ. ಈ ದುಡ್ಡಿಗೆ ಏನು ಸಿಗಬೇಕು ಎಂಬುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲೇ ಬರೆದಿಟ್ಟಿವೆ. ನಿಯಮ 31ರ ಪ್ರಕಾರ ಸ್ವಂತಕ್ಕೆ ಓಡಿಸುವ ಕಾರಿನ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ಗಾಡಿ ಓಡಿಸಿದ ಸಮಯವೇ 10 ಗಂಟೆಗೆ ಕಡಿಮೆ ಇರಕೂಡದು. ಅಂದರೆ ಗಂಟೆಗೆ 700 ರೂಪಾಯಿ. ಈಗ ಚೌಕಾಸಿ ಮಾಡಿ ಗೆದ್ದ ಅಪ್ಪನ ಕಡೆ ಬನ್ನಿ. ಕಲಿಕೆಯ ಬಾಬ್ತು 4,500ಕ್ಕೆ ಕುದುರಿಸಿದ, ಹದಿನೈದು ಕ್ಲಾಸು ಎಂದು ಇಟ್ಟುಕೊಳ್ಳಿ. ಕ್ಲಾಸು ಅರ್ಧ ಗಂಟೆಯದು. ಆದರೆ ಕಾರಿನಲ್ಲಿ ಹಿಂದೆ ಇನ್ನೂ ಇಬ್ಬರು ಕೂತಿರುತ್ತಾರೆ. ಒಬ್ಬನನ್ನು ಇಳಿಸಬೇಕು, ಇನ್ನೊಬ್ಬಳನ್ನು ಹತ್ತಿಸಿಕೊಳ್ಳಬೇಕು, ನಡುವೆ ಬಂಕಿಗೆ ಹೋಗಿ ಪೆಟ್ರೋಲು ಹಾಕಿಸಬೇಕು. ಕೈಗೆ ಸ್ಟೀರಿಂಗು ಸಿಕ್ಕಿದ್ದು ದಿನಕ್ಕೆ ಇಪ್ಪತ್ತು ನಿಮಿಷ ಎಂದರೂ ಉದಾರವಾಗಿ ಹೇಳಿದಂತೆ. ಒಟ್ಟು ಐದು ಗಂಟೆ. ಗಂಟೆಗೆ 900 ರೂಪಾಯಿ ಬಿತ್ತು. ಕಡಿಮೆಗೆ ಕೊಂಡೆ ಎಂದು ಬೀಗಿದವನು ಗಂಟೆಗೆ ಇನ್ನೂರು ಹೆಚ್ಚು ತೆತ್ತಿದ್ದಾನೆ.

ಆ ಐದು ಗಂಟೆಯಲ್ಲಾದರೂ ಓಡಿಸಿದವರು ಯಾರು? ಬೆಳಗ್ಗೆ ಆರೂವರೆಗೆ ನಿಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ನಿಂತು ನೋಡಿ. ತಲೆಯ ಮೇಲೆ ಬೋರ್ಡು ಹೊತ್ತ ಹಳೇ ಆಲ್ಟೊ ಬರುತ್ತದೆ. ಡ್ರೈವಿಂಗ್ ಸ್ಕೂಲಿನ ಕಾರಿಗೆ ಡಬಲ್ ಕಂಟ್ರೋಲ್ ಇರಲೇಬೇಕೆಂಬುದು ನಿಯಮ, ಒಳ್ಳೆಯ ನಿಯಮ. ಎಡಗಡೆ ಕೂತ ಮಾಸ್ತರರ ಕಾಲಡಿ ಒಂದು ಕ್ಲಚ್ಚು, ಒಂದು ಬ್ರೇಕು. ಹುಡುಗಿ ಎರಡೂ ಕೈಯಲ್ಲಿ ಸ್ಟೀರಿಂಗು ಬಿಗಿಹಿಡಿದು ಕೂತಿದ್ದಾಳೆ. “ನೀವು ಸ್ಟೀರಿಂಗ್ ಮಾತ್ರ ನೋಡ್ಕೊಳಿ ಮೇಡಂ, ಮಿಕ್ಕಿದ್ದು ನಾನು ನೋಡ್ಕೋತೀನಿ.” ಅವರು ನೋಡಿಕೊಳ್ಳುತ್ತಾರೆ, ನಿಜ. ಗೇರು ಬದಲಿಸಬೇಕಾದಾಗ ಕ್ಲಚ್ಚು ಒತ್ತುವುದು ಅವರ ಕಾಲು. ತಿರುವಿನಲ್ಲಿ ಸ್ಟೀರಿಂಗಿಗೆ ಅವರ ಬಲಗೈ ಬರುತ್ತದೆ. ಹಾಲಿನ ಗಾಡಿ ಎದುರಾದರೆ ಬ್ರೇಕು ಅವರದು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನಿನಲ್ಲಿ ಮುಂದಿನ ವಿದ್ಯಾರ್ಥಿಗೆ “ಗೇಟ್ ಹತ್ರ ನಿಂತಿರಿ, ಬಂದೆ” ಎನ್ನುತ್ತಲೇ ಇದಿಷ್ಟೂ ನಡೆಯುತ್ತದೆ. ಕಾರು ಒಮ್ಮೆಯೂ ಆಫ್ ಆಗುವುದಿಲ್ಲ. ನನಗೆ ಬಂತು ಎಂದುಕೊಂಡು ಹುಡುಗಿ ಮನೆಗೆ ಹೋಗುತ್ತಾಳೆ. ಲೈಸೆನ್ಸು ಬಂದ ಮೇಲೆ ಅಪ್ಪನ ಕಾರು ತೆಗೆದುಕೊಂಡು ಫ್ಲೈಓವರಿನ ಏರಿನಲ್ಲಿ ಸಿಗ್ನಲಿಗೆ ನಿಂತಾಗ, ಹಿಂದೆ ಬಿಎಂಟಿಸಿ ಬಸ್ಸು ಮೂಗು ತಾಗಿಸಿ ನಿಂತಿರುವಾಗ, ಹಾಫ್ ಕ್ಲಚ್ ಎಂದರೇನೆಂದು ತನ್ನ ಕಾಲಿಗೆ ಗೊತ್ತೇ ಇಲ್ಲ ಎಂಬುದು ಗೊತ್ತಾಗುತ್ತದೆ. ಕಲಿಯುವವರ ಕೈಯಲ್ಲಿ ಕಾರು ಹತ್ತಾರು ಸಲ ಆಫ್ ಆಗಬೇಕು. ಆಫ್ ಆಗದ ಕಾರಿನಲ್ಲಿ ಓಡಿಸುತ್ತಿರುವವರು ಮಾಸ್ತರರೇ.

ಇನ್ನು ಪರೀಕ್ಷೆಯ ಮಾತು. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂತಹ ಸೆನ್ಸರ್ ಅಳವಡಿಸಿದ ಟ್ರ್ಯಾಕುಗಳು ಬಂದಾಗ ಇನ್ನು ಮೇಲೆ ಕಾರು ಬಾರದವರಿಗೆ ಲೈಸೆನ್ಸು ಸಿಗದು ಎಂದು ನಂಬಿದವರು ಬಹಳ. ಟ್ರ್ಯಾಕು ಬಂದಲ್ಲಿ ಸ್ಕೂಲುಗಳೂ ಜಾಣವಾದವು, ಟ್ರ್ಯಾಕನ್ನೇ ಕಲಿಸತೊಡಗಿದವು: ಯಾವ ಕಂಬ ಕನ್ನಡಿಯಲ್ಲಿ ಕಂಡಾಗ ಎಷ್ಟು ಸುತ್ತು ತಿರುಗಿಸಬೇಕು ಎಂಬುದು ಮಗ್ಗಿಯ ಹಾಗೆ ಬಾಯಿಪಾಠ. ಟ್ರ್ಯಾಕಿನಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಆಟೊ ದಿಢೀರ್ ನಿಲ್ಲುವುದಿಲ್ಲ, ಮಳೆಗೆ ಗುಂಡಿ ಮುಚ್ಚಿಹೋಗುವುದಿಲ್ಲ. ಆದರೂ ಟ್ರ್ಯಾಕು ಇರುವುದೇ ಮೇಲು. ಅದೂ ಇಲ್ಲದ ಊರುಗಳಲ್ಲಿ ಮೈದಾನದಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಹೋದರೆ ಮುಗಿಯಿತು.

ನಮ್ಮ ಮನಸ್ಸು ಎಲ್ಲಿದೆ ಎಂಬುದಕ್ಕೆ 2024ರ ಒಂದು ಪ್ರಸಂಗ ಸಾಕು. ಜೂನ್ 1ರಿಂದ ಆರ್‌ಟಿಒ ಪರೀಕ್ಷೆಯೇ ಬೇಡವಂತೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿತು, ಟಿವಿಯಲ್ಲೂ ಬಂತು. ಹೊಸದೇನೂ ಇಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಹೇಳಬೇಕಾಯಿತು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಕಲಿತು ಪಾಸಾದವರಿಗೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿ ಎಂಬ ನಿಯಮ 2021ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಆ ನಿಯಮದಲ್ಲೇ ಇನ್ನೊಂದು ಮಾತಿದೆ: ಲಘು ವಾಹನಕ್ಕೆ 29 ಗಂಟೆಯ ತರಬೇತಿ, ಅದರಲ್ಲಿ 21 ಗಂಟೆ ಪ್ರಾಯೋಗಿಕ. “ಪರೀಕ್ಷೆ ಇಲ್ಲವಂತೆ” ಎಂಬುದು ಮನೆಮನೆಗೂ ಮುಟ್ಟಿತು. 29 ಗಂಟೆ ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ಇಷ್ಟು ಹೇಳಿದರೆ ಮನೆಯ ಹಿರಿಯರು ಒಂದು ಅಸ್ತ್ರ ತೆಗೆಯುತ್ತಾರೆ. “ನಾವೇನು ಸ್ಕೂಲಿಗೆ ಹೋಗಿ ಕಲಿತ್ವಾ?” ಇಲ್ಲ, ಹೋಗಲಿಲ್ಲ. ಮಾವನ ಅಂಬಾಸಿಡರಿನಲ್ಲಿ, ಗದ್ದೆ ಬದುವಿನ ಟ್ರ್ಯಾಕ್ಟರಿನಲ್ಲಿ, ಲಾರಿ ಕ್ಲೀನರಾಗಿ ಹತ್ತಿ ಕಲಿತಿರಿ. ನೀವು ಕಲಿತ ಕಾಲದ ರಸ್ತೆಯಲ್ಲಿ ಎದುರು ಒಂದು ಬಸ್ಸು ಬಂದರೆ ಅದು ಯಾವ ರೂಟಿನದೆಂದು ಹೇಳಬಹುದಿತ್ತು. ಜೊತೆಗೆ ಇನ್ನೊಂದು ಮಾತೂ ಇದೆ, ಹಿರಿಯರು ಬೇಸರ ಮಾಡಿಕೊಳ್ಳಬಾರದು: ಹಾಗೆ ಕಲಿತು ಬದುಕಿ ಉಳಿದವರು ಮಾತ್ರ ಇವತ್ತು ಜಗಲಿಯ ಮೇಲೆ ಕೂತು ಈ ಮಾತು ಹೇಳುತ್ತಿದ್ದಾರೆ. ಉಳಿಯದವರ ಅಭಿಪ್ರಾಯ ಕೇಳುವ ಅವಕಾಶ ನಮಗಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಮೂವರಲ್ಲಿ ಇಬ್ಬರು 18ರಿಂದ 45ರ ವಯಸ್ಸಿನವರು. ಇವರೆಲ್ಲ ಓಡಿಸಲು ಬಾರದೆ ಸತ್ತರು ಎಂದು ನಾನು ಹೇಳುತ್ತಿಲ್ಲ, ನಡೆದು ಹೋಗುತ್ತಿದ್ದವರೂ ಅದರಲ್ಲಿದ್ದಾರೆ. ಆದರೆ ಈ ರಸ್ತೆಗೆ ಮಗುವನ್ನು ಬಿಡುವಾಗ “ತಾನಾಗಿ ಬರುತ್ತೆ” ಎನ್ನುವ ಧೈರ್ಯ ಎಲ್ಲಿಂದ ಬರುತ್ತದೋ ತಿಳಿಯದು. ತಾನಾಗಿ ಬರುವುದು ಅಭ್ಯಾಸ. ಕೆಟ್ಟ ಅಭ್ಯಾಸವೂ ಅಷ್ಟೇ ಸಲೀಸಾಗಿ ಬರುತ್ತದೆ: ಇಂಡಿಕೇಟರ್ ಹಾಕದೆ ತಿರುಗುವುದು, ಕನ್ನಡಿ ಮಡಚಿಟ್ಟು ಓಡಿಸುವುದು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲು ಉಳಿಸುವುದು. ಈ ಮೂರನೆಯದನ್ನು ಘಾಟಿಯಲ್ಲಿ ವಿದ್ಯೆಯೆಂದೇ ಹೇಳಿಕೊಡುವವರಿದ್ದಾರೆ.

“ಮನೆಯ ಕಾರೇ ಇದೆ, ನಾನೇ ಕಲಿಸ್ತೀನಿ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಲಿಕಾ ಲೈಸೆನ್ಸು ಇದ್ದು, ಕೆಂಪು ಎಲ್ ಬೋರ್ಡು ಹಿಂದೆ ಮುಂದೆ ಕಟ್ಟಿ, ಲೈಸೆನ್ಸು ಇರುವವರು ಗಾಡಿ ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕೂತರೆ ಕಾನೂನು ಅಡ್ಡ ಬರುವುದಿಲ್ಲ. ಸ್ಕೂಲಿನಲ್ಲಿ ಬುನಾದಿ ಕಲಿತ ಮೇಲೆ ಇದಕ್ಕಿಂತ ಅಗ್ಗದ ಅಭ್ಯಾಸ ಬೇರೊಂದಿಲ್ಲ. ಬುನಾದಿಯೇ ಇಲ್ಲದಾಗ ಅಪ್ಪನ ಕೈಯಲ್ಲಿರುವುದು ಹ್ಯಾಂಡ್‌ಬ್ರೇಕು ಮತ್ತು ಗಂಟಲು. ಗಂಟಲನ್ನೇ ಅವನು ಹೆಚ್ಚು ಬಳಸುತ್ತಾನೆ. ಎರಡನೇ ಭಾನುವಾರಕ್ಕೆ ಪಾಠ ನಿಲ್ಲುತ್ತದೆ, ಮಗನಾದರೆ ಕೀಲಿ ಕದ್ದು ಗೆಳೆಯರೊಂದಿಗೆ ಹೋಗುತ್ತಾನೆ, ಮಗಳಾದರೆ “ಇವಳಿಗೆ ಬರಲ್ಲ ಬಿಡಿ” ಎಂಬ ಷರಾ ಬೀಳುತ್ತದೆ. ಸ್ಕೂಲು ದಂಡ ಎಂಬ ವಾದ ಮೂಲತಃ ಗಂಡುಮಕ್ಕಳ ವಾದ. ಅಣ್ಣನಿಗೆ ಗೆಳೆಯನ ಕಾರಿದೆ, ಗ್ಯಾರೇಜಿನ ಪರಿಚಯವಿದೆ, ರಾತ್ರಿ ಹತ್ತಕ್ಕೆ ಖಾಲಿ ರಿಂಗ್ ರೋಡಿದೆ. ತಂಗಿಗೆ ಇರುವ ಒಂದೇ ದಾರಿ ಸ್ಕೂಲು. ಅದನ್ನೂ ದಂಡ ಎಂದು ಮುಚ್ಚಿದರೆ ಅವಳು ಮದುವೆಯಾದ ಮೇಲೆ ಗಂಡನ ಕಾರಿನ ಎಡಸೀಟಿನಲ್ಲಿ ಕೂರುತ್ತಾಳೆ, ಅಲ್ಲೇ ಉಳಿಯುತ್ತಾಳೆ.

ಹದಿನೆಂಟು ತುಂಬುವ ಮೊದಲೇ ಕಲಿಸಿಬಿಡುವ ಉಳಿತಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದಿನಾರಕ್ಕೆ ಕಾನೂನು ಒಪ್ಪುವುದು 50 ಸಿಸಿ ಮೀರದ ಬೈಕನ್ನು. ಟ್ಯೂಷನ್ನಿನ ಮುಂದೆ ಸಾಲಾಗಿ ನಿಂತಿರುವ ಸ್ಕೂಟರುಗಳು ಅದರ ಎರಡು ಪಟ್ಟು. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನಂತೆ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಬಡಾವಣೆಯ ಖಾಲಿ ರಸ್ತೆಯಲ್ಲವೇ ಎಂದರೆ, ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಜಾಗವೆಲ್ಲ ಕಾಯ್ದೆಯ ಕಣ್ಣಲ್ಲಿ ಸಾರ್ವಜನಿಕ ಸ್ಥಳವೇ. ದಂಡ ಎಂಬ ಮಾತು ಬಳಸುವುದಿದ್ದರೆ ಇದಕ್ಕೆ ಬಳಸಿ.

ಅಗ್ಗದ ಲೈಸೆನ್ಸಿನ ಪರವಾಗಿ ಇರುವ ಕೊನೆಯ ಸಮಜಾಯಿಷಿ ಎಂದರೆ “ಅವನೇನು ಡ್ರೈವರ್ ಕೆಲಸಕ್ಕೆ ಹೋಗ್ತಾನಾ?” ಎಂಬುದು. ಹೋಗುತ್ತಾನೆ, ಸ್ವಾಮಿ. ನಮ್ಮ ಊರುಗಳ ಎಷ್ಟೋ ಹುಡುಗರಿಗೆ ಹತ್ತೊಂಬತ್ತಕ್ಕೆ ಸಿಗುವ ಮೊದಲ ಸಂಬಳ ಸ್ಟೀರಿಂಗಿನಿಂದಲೇ ಬರುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು: ಲಘು ವಾಹನದ ಲೈಸೆನ್ಸು ಇದ್ದವರು ಒಟ್ಟು ತೂಕ 7,500 ಕೆಜಿ ಮೀರದ ಸಾಗಣೆ ವಾಹನವನ್ನೂ ಓಡಿಸಬಹುದು, ಬೇರೆ ಅನುಮತಿ ಬೇಕಿಲ್ಲ. ಬಡ ಚಾಲಕರ ಹೊಟ್ಟೆಪಾಡಿನ ದೃಷ್ಟಿಯಿಂದ ತೀರ್ಪು ಸರಿ ಎಂದೇ ನನ್ನ ಎಣಿಕೆ. ಆದರೆ ಅದರ ಅರ್ಥವೇನೆಂದು ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತು ಯೋಚಿಸಬೇಕು. ಮಾಸ್ತರರ ಕ್ಲಚ್ಚಿನ ಮೇಲೆ ಐದು ಗಂಟೆ ಕೂತು ಬಂದ ಹುಡುಗ ಇಪ್ಪತ್ತು ತುಂಬಿದೊಡನೆ ಅದೇ ಕಾರ್ಡು ತೋರಿಸಿ ಹಳದಿ ಬೋರ್ಡಿನ ಟ್ಯಾಕ್ಸಿ ಹತ್ತಬಹುದು, ಟೊಮೆಟೊ ಕ್ರೇಟು ತುಂಬಿದ ಗೂಡ್ಸ್ ಗಾಡಿಯನ್ನು ಕೋಲಾರದಿಂದ ರಾತ್ರೋರಾತ್ರಿ ಚೆನ್ನೈಗೆ ಓಡಿಸಬಹುದು. ಎದುರಿನಿಂದ ಬರುವ ಕಾರಿನಲ್ಲಿ ನೀವಿರಬಹುದು.

ಹಾಗೆಂದು ಡ್ರೈವಿಂಗ್ ಸ್ಕೂಲಿನವರನ್ನು ಕಳ್ಳರೆನ್ನಲು ನಾನು ಸಿದ್ಧನಿಲ್ಲ. ಪೆಟ್ರೋಲಿನ ದರ ನೂರು ದಾಟಿದ ಮೇಲೂ 4,000 ರೂಪಾಯಿಗೆ 21 ದಿನ ಕಾರು ಕಲಿಸಿ ಎಂದು ಸರ್ಕಾರ ಕಾಗದದ ಮೇಲೆ ಬರೆದಿಟ್ಟಿತ್ತು. ಆ ದರದಲ್ಲಿ ಪ್ರಾಮಾಣಿಕವಾಗಿ ಹತ್ತು ಗಂಟೆ ಕೊಟ್ಟವನು ಅಂಗಡಿ ಮುಚ್ಚಬೇಕಿತ್ತು. ಮುಚ್ಚದವರು ಒಂದೋ ಹೆಚ್ಚು ವಸೂಲಿ ಮಾಡಿದರು, ಇಲ್ಲವೇ ಗಂಟೆ ಕದ್ದರು. ಗಿರಾಕಿ ಕೇಳಿದ್ದು ಕಾರ್ಡು, ಕಾರ್ಡು ಕೊಟ್ಟರು. ದೊಡ್ಡ ಕಂಪನಿಯ ಹೆಸರು, ಎಸಿ ಕೊಠಡಿ, ಸಿಮ್ಯುಲೇಟರು ಇದ್ದಲ್ಲಿ ಎರಡು ಪಟ್ಟು ಕೊಟ್ಟರೆ ಕಲಿಕೆ ಖಾತ್ರಿ ಎನ್ನುವ ಇನ್ನೊಂದು ಗುಂಪಿದೆ. ಅಲ್ಲೂ ಕೇಳಬೇಕಾದ್ದು ಅದೇ: ರಸ್ತೆಯ ಮೇಲೆ ಎಷ್ಟು ಗಂಟೆ? ಸಿಮ್ಯುಲೇಟರಿನ ಗಂಟೆಯನ್ನು ಅದರಲ್ಲಿ ಸೇರಿಸಬೇಡಿ.

ಏಳು ಸಾವಿರವೇ ಭಾರವಾದ ಮನೆಗಳಿವೆ, ಅದನ್ನು ಮರೆತು ಬರೆದರೆ ಈ ಲೇಖನ ಉಳ್ಳವರ ಉಪದೇಶವಾಗುತ್ತದೆ. ಆ ಮನೆಗಳಿಗೆ ಗಂಟೆ ಕದ್ದ ಅಗ್ಗದ ಪ್ಯಾಕೇಜೇ ಗತಿ ಎಂಬುದನ್ನು ನಾನು ಒಪ್ಪುವುದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟಿಯ ಮಾದರಿಯಲ್ಲಿ ಈಗ ದೇಶದ ಉದ್ದಗಲಕ್ಕೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅವುಗಳ ಪಟ್ಟಿಯಲ್ಲಿ ಲಘು ವಾಹನ ಚಾಲನೆಯ ಕೋರ್ಸೂ ಇದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಾರು ಓಡಿಸಿ ಹೊಟ್ಟೆ ಹೊರೆಯಬೇಕೆನ್ನುವ ಹಳ್ಳಿಯ ಹುಡುಗ ಮೊದಲು ವಿಚಾರಿಸಬೇಕಾದ ಬಾಗಿಲು ಅದು. ಕೇರಳ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕೆಎಸ್ಸಾರ್ಟಿಸಿ ಎಂಬ ಹೆಸರಿಗಾಗಿ ನಮ್ಮೊಂದಿಗೆ ವರ್ಷಗಟ್ಟಲೆ ವ್ಯಾಜ್ಯವಾಡಿದ ಅದೇ ನಿಗಮ 2024ರ ಜೂನಿನಲ್ಲಿ ತಿರುವನಂತಪುರದಲ್ಲಿ ತಾನೇ ಡ್ರೈವಿಂಗ್ ಸ್ಕೂಲು ತೆರೆಯಿತು. ಕಾರಿಗೆ 9,000, ದ್ವಿಚಕ್ರಕ್ಕೆ 3,500 ರೂಪಾಯಿ, ಅಲ್ಲಿನ ಖಾಸಗಿ ದರಕ್ಕಿಂತ ಕಡಿಮೆ. ಹೆಸರು ನಮ್ಮ ಬಳಿಯೂ ಉಳಿಯಿತು, ಬುದ್ಧಿಯನ್ನು ಅವರಿಂದ ತರಲು ಏನಡ್ಡಿ? ನಮ್ಮಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ. ಡಿಪೊಗಳಿವೆ, ವರ್ಕ್‌ಶಾಪುಗಳಿವೆ, ಸ್ವಂತ ಚಾಲಕರನ್ನು ತಯಾರು ಮಾಡುವ ತರಬೇತಿ ಕೇಂದ್ರಗಳಿವೆ. ಅಪಘಾತವಿಲ್ಲದೆ ವರ್ಷಗಟ್ಟಲೆ ಬಸ್ಸು ಓಡಿಸಿ ನಿವೃತ್ತರಾದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಪಿಯುಸಿ ರಜೆಯ ಎರಡು ತಿಂಗಳು ಇವನ್ನೆಲ್ಲ ಮಕ್ಕಳಿಗೆ ತೆರೆದಿಡಿ ಎಂದು ಸಾರಿಗೆ ಸಚಿವರನ್ನು ಕೇಳಬೇಕಾದ ಹೊತ್ತಿನಲ್ಲಿ ನಾವು ಸರ್ಕಲ್ಲಿನ ಆಚೆಯ ಸ್ಕೂಲಿನೊಂದಿಗೆ ಐನೂರಕ್ಕೆ ಜಗಳವಾಡುತ್ತಿದ್ದೇವೆ.

ಸರ್ಕಾರ ಮನಸ್ಸು ಮಾಡುವವರೆಗೆ ಕೈಯಲ್ಲಿರುವ ದುಡ್ಡಿಗೆ ಹೆಚ್ಚು ಕಲಿಕೆ ಕೊಳ್ಳುವ ದಾರಿಯೂ ಇದೆ. ಡಿಎಲ್ ಸೇರಿದ ಪ್ಯಾಕೇಜು ಬೇಡ ಎನ್ನಿ. ಕಲಿಕಾ ಲೈಸೆನ್ಸಿಗೆ ಸಾರಥಿ ಪೋರ್ಟಲಿನಲ್ಲಿ ಆಧಾರ್ ಕೊಟ್ಟು ಮನೆಯಲ್ಲೇ ಕೂತು ಅರ್ಜಿ ಹಾಕಬಹುದು, ಕೇಂದ್ರದ ಶುಲ್ಕ ವರ್ಗವೊಂದಕ್ಕೆ 150 ರೂಪಾಯಿ, ಮೇಲೆ ಪರೀಕ್ಷೆಗೆ 50. ಇಷ್ಟಕ್ಕೆ ಏಜೆಂಟನಿಗೆ ಸಾವಿರಗಟ್ಟಲೆ ಏಕೆ? ಆ ಹಣವನ್ನೂ ಗಂಟೆಗೆ ಹಾಕಿ. ಕಲಿಕಾ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು ಎಂದಿದೆಯೇ ಹೊರತು ಮೂವತ್ತೊಂದನೇ ದಿನ ಹೋಗಲೇಬೇಕೆಂದು ಇಲ್ಲ. ಸ್ಕೂಲಿನಲ್ಲಿ ಹತ್ತು ಗಂಟೆ ಮುಗಿಸಿ, ಉಳಿದ ತಿಂಗಳುಗಳಲ್ಲಿ ಎಲ್ ಬೋರ್ಡು ಕಟ್ಟಿಕೊಂಡು ಮಳೆಯಲ್ಲಿ, ರಾತ್ರಿಯಲ್ಲಿ, ಸಂತೆಯ ದಿನ ಊರೊಳಗೆ ಓಡಿಸಲಿ. ಮನೆಯಲ್ಲಿ ಕಾರಿಲ್ಲದಿದ್ದರೆ ಎರಡು ತಿಂಗಳ ಮೇಲೆ ಅದೇ ಸ್ಕೂಲಿನಲ್ಲಿ ಮತ್ತೆ ಎರಡು ಗಂಟೆ ಕೊಳ್ಳಿ. ಎರಡನೇ ವಾರದಿಂದ ಕ್ಲಚ್ಚಿನ ಮೇಲಿನ ಕಾಲು ತೆಗೆಯಲು ಮಾಸ್ತರರಿಗೆ ಹೇಳಿ. ತೆಗೆಯುವವರು ಒಳ್ಳೆಯ ಮಾಸ್ತರರು.

ವಿದ್ಯಾರ್ಥಿ ಯಾವ ದಿನ ಎಷ್ಟು ಹೊತ್ತು ಓಡಿಸಿದ ಎಂಬುದನ್ನು ಬರೆದಿಡಲು ಪ್ರತಿ ಡ್ರೈವಿಂಗ್ ಸ್ಕೂಲಿನಲ್ಲೂ ನಮೂನೆ 15ರ ರಿಜಿಸ್ಟರ್ ಇರಬೇಕು. ಮುಂಗಡ ಕೊಡುವ ಮೊದಲು ಅದನ್ನು ತೋರಿಸಲು ಹೇಳಿ. ತೋರಿಸದಿದ್ದರೆ ಮಗಳನ್ನು ಕರೆದುಕೊಂಡು ಬೇರೆ ಸ್ಕೂಲಿಗೆ ಹೋಗಿ.